ಎಣ್ಣಿ ಐತಿ, ಗಾಡಿ ಓಡವಲ್ದು!

ಕಬ್ಬಿನ ಹಂಗಾಮು ಜೋರಾಗಿ ನಡೆದಾಗ ಮಸಗುಪ್ಪಿಯ ಒಂದು ಮನೆಯ ಮುಂದೆ ಐದು ದಿನ ಒಂದು ಲಾರಿ ನಿಂತಿತ್ತು. ಟಾಯರು ಚಲೋ, ಬ್ಯಾಟರಿ ಚಲೋ, ಟಾಕಿ ತುಂಬ ಡೀಸೆಲ್. ಕೀಲಿ ತಿರುವಿದರೆ ಇಂಜಿನ್ ಹತ್ತುತ್ತದೆ. ಹತ್ತು-ಹದಿನೈದು ನಿಮಿಷ ಗುಡುಗುಡು ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿ ನಾಲ್ಕು ಹೆಜ್ಜೆ ಮುಂದೆ ಹೋದರೆ ಉಸಿರು ಕಟ್ಟಿದವರ ಹಾಗೆ ಒದ್ದಾಡಿ ಗಪ್! ಹ್ಯಾಂಡ್ ಪಂಪು ಹೊಡೆದರೆ ಮತ್ತೆ ಹತ್ತುತ್ತದೆ, ಮತ್ತೆ ಗಪ್!

ಹೊಲದಾಗ ಗ್ಯಾಂಗಿನವರು ಕಬ್ಬು ಕಡಿದು ಹಾಕಿ ಕುಂತಾರ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ತೂಕ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ. ರೈತನಿಗೆ ಲುಕ್ಸಾನು. ಖೇಪು ತಪ್ಪಿದರೆ ಲಾರಿ ಮಾಲಕನಿಗೆ ಲುಕ್ಸಾನು. ಫೈನಾನ್ಸಿನವರಿಗೆ ಮಾತ್ರ ಯಾವ ಲುಕ್ಸಾನೂ ಇಲ್ಲ. ಗಾಡಿ ನಿಂತರೂ ಅವರ ಕಂತು ನಿಲ್ಲುವುದಿಲ್ಲ!

‘ಇದೇನು ಸುದ್ದಿ ಸ್ವಾಮಿ, ಲಾರಿ ಕೆಡೋದು ದಿನಾ ನೋಡ್ತೇವಿ’ ಎಂದು ಮೂಡಲಗಿ ಬಸ್ಸಿನಲ್ಲಿ ಕುಳಿತು ಓದುತ್ತಿರುವ ತಾವು ಕೇಳಬಹುದು. ತಾವು ಕುಳಿತ ಬಸ್ಸೂ ಅದೇ ಡೀಸೆಲ್ಲಿನಿಂದ ಓಡುತ್ತದೆ. ತಮ್ಮ ಕಿರಾಣಿ ಅಂಗಡಿಗೆ ಬರುವ ಬ್ಯಾಳಿ, ಬೆಲ್ಲ, ಸಿಮೆಂಟು ಎಲ್ಲಾ ಇಂಥ ಲಾರಿಯ ಬೆನ್ನ ಮೇಲೇ ಬರುತ್ತದೆ. ಅದಕ್ಕೇ ಈ ಐದು ದಿನದ ಕತೆಯನ್ನು ಬಿಚ್ಚಿ ನೋಡುವುದು ಒಳ್ಳೇದು. ಲಾರಿಯೊಳಗಿನ ರೋಗಕ್ಕಿಂತ ಲಾರಿಯ ಹೊರಗಿನ ರೋಗವೇ ದೊಡ್ಡದು ಎಂದು ಕೊನೆಗೆ ಗೊತ್ತಾದೀತು.

ಮೂರು ಮಂದಿ, ಮೂರು ಮಾತು

ಮೊದಲನೇ ದಿನ ಬಂದ ಮಿಸ್ತ್ರಿ, ‘ಏರ್ ಹಿಡದೈತ್ರಿ’ ಅಂದ. ನಟ್ಟು ಸಡಿಲು ಮಾಡಿ ಗಾಳಿ ತೆಗೆದ, ಮಜೂರಿ ತಗೊಂಡು ಹೋದ. ಸಂಜೀಗೆ ಅದೇ ರಾಗ.

ಎರಡನೇ ದಿನ ಫಿಲ್ಟರ್ ಬದಲಾಯಿತು. ಮತ್ತೆ ಅದೇ ರಾಗ.

ಮೂರನೇ ದಿನ ಬಂದವ ಇಂಜಿನ್ ಮ್ಯಾಲೆ ಕಿವಿ ಇಟ್ಟು ಕೇಳಿ, ‘ಪಂಪು ಹೋಗೈತಿ. ಇಳಿಸಿ ಬೆಂಚಿಗೆ ಹಾಕಬೇಕು. ನಾಝಲ್ಲೂ ನೋಡಬೇಕು. ಮೂವತ್ತು-ನಾಲ್ವತ್ತು ಸಾವಿರ ತಯಾರ ಇಟ್ಕೋರಿ’ ಅಂದ.

ಮಾಲಕರು ಅರವತ್ತು ದಾಟಿದವರು. ಹರೇದಾಗ ಗೋಕಾಕ-ಸಾಂಗ್ಲಿ ಹಾದಿಯಲ್ಲಿ ಕಿನ್ನರ್ ಆಗಿ ದುಡಿದು, ಆಮೇಲೆ ಡ್ರೈವರ್ ಆಗಿ, ಕಡೇಕ ಒಂದು ಹಳೇ ಲಾರಿಗೆ ಒಡೆಯರಾದವರು. ಅವರು ಮಗನಿಗೆ ಅಂದದ್ದು ಇಷ್ಟು:

‘ತಮ್ಮಾ, ಪಂಪು ಕೆಟ್ಟಿದ್ದರ ಮುಂಜಾನೆದ್ದು ಒಂದ ಹೊಡತಕ್ಕ ಹ್ಯಾಂಗ ಹತ್ತತಿತ್ತು? ನಿಂತ ಮ್ಯಾಲೆ ತಾನ ಸುಧಾರಿಸಿಕೊಳ್ಳೋ ರೋಗ ಪಂಪಿನ ರೋಗ ಅಲ್ಲ. ಎಣ್ಣಿ ಬರೋ ಹಾದ್ಯಾಗ ಯಾವನೋ ಕಳ್ಳ ಕುಂತಾನ. ಮೊದಲ ಅವನ್ನ ಹುಡುಕೂಣು.’

ಪಿಯುಸಿಗೆ ಶರಣು ಹೊಡೆದು ಪತ್ರಿಕೆ ಸೇರಿದ ಈ ವರದಿಗಾರನಿಗೆ ಆ ಮಾತು ಕೇಳಿ ನಾಚಿಕೆಯಾಯಿತು. ಇಷ್ಟು ನೇರವಾದ ತರ್ಕವನ್ನು ಕಾಲೇಜಿನ ಯಾವ ಪುಸ್ತಕದಲ್ಲೂ ಓದಿದ ನೆನಪಿಲ್ಲ.

ಎಣ್ಣಿಯ ಹಾದಿ

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನ ಹಾಗೆ ಸಿಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಎಣ್ಣೆ ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ, ಗಾಳಿ-ನೀರು ಇಲ್ಲದೆ ಬರಬೇಕು. ಅಷ್ಟೇ ಅದರ ಬೇಡಿಕೆ.

ಹಳೇ ಲಾರಿಯಲ್ಲಿ ಹಾದಿ ಹೀಗಿದೆ. ಟಾಕಿಯೊಳಗೆ ಒಂದು ಕೊಳವೆ ತಳದ ಹತ್ತಿರ ಇಳಿದಿರುತ್ತದೆ. ಅಲ್ಲಿಂದ ಫೀಡ್ ಪಂಪು ಎಣ್ಣೆ ಎಳೆಯುತ್ತದೆ. ಬೆರಳಿನಿಂದ ಒತ್ತುವ ಹ್ಯಾಂಡ್ ಪಂಪು ಇರುವುದು ಇದರ ಮೇಲೆಯೇ. ಮುಂದೆ ಫಿಲ್ಟರು, ಅದರ ಮುಂದೆ ದೊಡ್ಡ ಪಂಪು. ದೊಡ್ಡ ಪಂಪಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಉಕ್ಕಿನ ಪೈಪು, ಪೈಪಿನ ತುದಿಗೆ ನಾಝಲ್. ಹೆಚ್ಚಾದ ಎಣ್ಣೆ ರಿಟರ್ನ್ ಪೈಪಿನಿಂದ ಟಾಕಿಗೇ ಮರಳುತ್ತದೆ.

ಈ ದೊಡ್ಡ ಪಂಪಿಗೆ ನಮ್ಮ ಕಡೆ ಇವತ್ತಿಗೂ ‘ಮೈಕೋ ಪಂಪು’ ಎಂದೇ ಹೆಸರು. ಜರ್ಮನಿಯ ಬಾಷ್ ಕಂಪನಿ ಇಂಥ ಪಂಪನ್ನು ಸಾಲಾಗಿ ತಯಾರಿಸಲು ಹತ್ತಿದ್ದು 1927ರಲ್ಲಿ. ನಮ್ಮ ದೇಶದಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರಖಾನೆಯಿಂದ ಅದನ್ನು ಊರೂರಿಗೆ ಮುಟ್ಟಿಸಿತು. 1954ರಲ್ಲಿ ಟೆಲ್ಕೋದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಲಾರಿ ಕಟ್ಟಲು ಶುರು ಮಾಡಿದ ಮೇಲೆ ನಮ್ಮ ಹಿರಿಯರ ಬಾಯಿಗೆ ‘ಬೆಂಜ್ ಗಾಡಿ’ ಬಂತು. ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಮಿಸ್ತ್ರಿಗಳ ಬಾಯಲ್ಲಿ ಮಾತ್ರ ಹೆಸರು ಬದಲಾಗಲಿಲ್ಲ.

ಹಾದಿಯಲ್ಲಿ ತಪ್ಪು ಎಲ್ಲಿ ಆಗಬಹುದು? ನಾಲ್ಕು ಕಡೆ. ಟಾಕಿ ಉಸಿರಾಡದಿದ್ದರೆ, ಹಾದಿ ಕಟ್ಟಿದ್ದರೆ, ಹಾದಿಯಲ್ಲಿ ಗಾಳಿ ಸೇರಿದರೆ, ಇಲ್ಲಾ ಎಣ್ಣೆಯಲ್ಲೇ ನೀರು-ಹೊಲಸು ಇದ್ದರೆ. ಈ ನಾಲ್ಕನ್ನು ನೋಡದೆ ಪಂಪು ಇಳಿಸುವುದು, ಗೇಟಿನ ಕೀಲಿ ಹುಡುಕದೆ ಗೋಡೆ ಒಡೆದ ಹಾಗೆ.

ಗೆದ್ದೆವೆಂದು ಸೋತದ್ದು

ನಾಲ್ಕನೇ ದಿನ ಮುಂಜಾನೆ ಅಪ್ಪ-ಮಗ ಕೂಡಿ ಟಾಕಿಯ ಮುಚ್ಚಳಕ್ಕೆ ಕೈ ಹಾಕಿದರು. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳಿ ಬಿಗಿಯಾಗಿ ಮಡಚಿ ತುರುಕಿತ್ತು. ಎಳೆದ ಕೂಡಲೆ ‘ಭುಸ್’ ಎಂದು ಗಾಳಿ ಒಳಗೆ ನುಗ್ಗಿತು.

ಟಾಕಿಯಿಂದ ಎಣ್ಣೆ ಖಾಲಿಯಾದಷ್ಟು ಗಾಳಿ ಒಳಗೆ ಬರಲೇಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ರಂಧ್ರ ಇಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಟಾಕಿಯೊಳಗೆ ಎಳೆತ ಹುಟ್ಟುತ್ತದೆ. ಬಾಟಲಿಯನ್ನು ತುಟಿಗೆ ಬಿಗಿಯಾಗಿ ಹಿಡಿದು ನೀರು ಕುಡಿದರೆ ಸ್ವಲ್ಪ ಹೊತ್ತಿಗೆ ನೀರೇ ಬರುವುದಿಲ್ಲವಲ್ಲ, ಹಾಗೆ.

‘ಸಿಕ್ಕ ನೋಡಪಾ ಕಳ್ಳ!’ ಎಂದು ಮನೆಯವರೆಲ್ಲಾ ಖುಷಿ. ಲಾರಿ ಅರ್ಧ ತಾಸು ಓಡಿತು. ಹೊಲಕ್ಕೆ ಹೋಯಿತು, ಕಬ್ಬು ತುಂಬಿತು. ರಸ್ತೆಗೆ ಬಂದು ಲೋಡು ಎಳೆಯಲು ಹತ್ತಿದ ಕೂಡಲೆ ಮತ್ತೆ ಗಪ್! ಟ್ರ್ಯಾಕ್ಟರ್ ತಂದು ಎಳೆಸಬೇಕಾಯಿತು. ತುಂಬಿದ ಕಬ್ಬನ್ನು ಇಳಿಸಿ ಬೇರೆ ಗಾಡಿಗೆ ಹಾಕಿಸಿದ ಖರ್ಚು ಬೇರೆ.

ನೆರೆಯವರು, ‘ಇನ್ನರ ಪಂಪು ಇಳಸ್ರೀ ಕಾಕಾ’ ಅಂದರು. ಮಗನೂ ಸಡಿಲಾದ. ಕಾಕಾ ಮಾತ್ರ ಸಡಿಲಾಗಲಿಲ್ಲ. ‘ಒಬ್ಬ ಕಳ್ಳ ಸಿಕ್ಕಾನಂದ್ರ ಇನ್ನೊಬ್ಬ ಇಲ್ಲಂತ ಯಾರ ಹೇಳ್ಯಾರ?’ ಅಂದರು.

ಕ್ಯಾನು ಹೇಳಿದ ಸಾಕ್ಷಿ

ಐದನೇ ದಿನದ ಪರೀಕ್ಷೆಯನ್ನು ಈ ವರದಿಗಾರ ಕಣ್ಣಾರೆ ನೋಡಿದ್ದಾನೆ. ಇಂಥದನ್ನು ಬರೆದಿಟ್ಟುಕೊಂಡರೆ ನಾಳೆ ಯಾರಿಗಾದರೂ ಬೇಕಾದೀತು.

ಒಂದು ತೊಳೆದು ಒಣಗಿಸಿದ ಕ್ಯಾನು. ಅದರಲ್ಲಿ ಬಟ್ಟೆಯಿಂದ ಸೋಸಿದ ಚೊಕ್ಕ ಡೀಸೆಲ್. ಟಾಕಿಯಿಂದ ಬರುವ ಪೈಪನ್ನು ಬಿಚ್ಚಿ, ಅದರ ಜಾಗದಲ್ಲಿ ಒಂದು ಗಜ ಪಾರದರ್ಶಕ ಪೈಪು ಹಚ್ಚಿ ಕ್ಯಾನಿನೊಳಗೆ ಬಿಟ್ಟರು. ರಿಟರ್ನ್ ಪೈಪನ್ನೂ ಕ್ಯಾನಿಗೇ ತಿರುಗಿಸಿದರು. ಇಲ್ಲವಾದರೆ ಇಂಜಿನ್ ಕ್ಯಾನಿನ ಎಣ್ಣೆ ಎಳೆದು ಟಾಕಿಗೆ ತುಂಬುತ್ತದೆ, ಕ್ಯಾನು ಲಗೂನೆ ಖಾಲಿ. ಕ್ಯಾನನ್ನು ಟಾಕಿಯ ಮಟ್ಟಕ್ಕೇ ಇಟ್ಟರು, ಮೇಲೆ ಇಡಲಿಲ್ಲ. ಮೇಲೆ ಇಟ್ಟರೆ ಎಣ್ಣೆ ತಾನಾಗಿ ಇಳಿದು ಬರುತ್ತದೆ, ಫೀಡ್ ಪಂಪಿನ ಸೋಮಾರಿತನ ಮುಚ್ಚಿಹೋಗುತ್ತದೆ. ಹೊಗೆ ಬರುವ ಸೈಲೆನ್ಸರಿನಿಂದ ದೂರ ಇಟ್ಟರು. ಬೀಡಿ ಸೇದುವವರನ್ನು ಅಂಗಳದ ಹೊರಗೆ ಕಳಿಸಿದರು. ಗಾಲಿಗೆ ಕಲ್ಲು ಕೊಟ್ಟರು. ಹ್ಯಾಂಡ್ ಪಂಪು ಹೊಡೆದು, ಗಾಳಿ ತೆಗೆದು, ಇಂಜಿನ್ ಹಚ್ಚಿದರು.

ಹತ್ತು ನಿಮಿಷ ಆಯಿತು. ಇಪ್ಪತ್ತು ಆಯಿತು. ಆಕ್ಸಿಲರೇಟರ್ ಒತ್ತಿ ಹಿಡಿದರು. ಒಂದು ತಾಸಾದರೂ ಇಂಜಿನ್ ಕೆಮ್ಮಲಿಲ್ಲ! ಪಾರದರ್ಶಕ ಪೈಪಿನಲ್ಲಿ ಒಂದೂ ಗುಳ್ಳೆ ಇಲ್ಲ.

ಅರ್ಥ ಏನು? ಫೀಡ್ ಪಂಪು ನಿರ್ದೋಷಿ. ಹೊಸ ಫಿಲ್ಟರು ನಿರ್ದೋಷಿ. ಮೂವತ್ತು-ನಾಲ್ವತ್ತು ಸಾವಿರದ ಆರೋಪ ಹೊತ್ತ ದೊಡ್ಡ ಪಂಪೂ ನಾಝಲ್ಲೂ ನಿರ್ದೋಷಿ. ಅಪರಾಧಿ ಇರುವುದು ಟಾಕಿಯೊಳಗೆ, ಇಲ್ಲವೇ ಟಾಕಿಯಿಂದ ಬರುವ ಪೈಪಿನೊಳಗೆ. ಪೈಪು ಊದಿ ನೋಡಿದರು, ಖುಲ್ಲಾ ಇತ್ತು. ಉಳಿದದ್ದು ಟಾಕಿ ಒಂದೇ.

ಟಾಕಿ ಖಾಲಿ ಮಾಡಿ, ಕೊಳವೆ ಹೊರಗೆ ತೆಗೆದು, ಬ್ಯಾಟರಿ ಹಾಕಿ ನೋಡಿದರೆ ತಳದಲ್ಲಿ ಅಂಗೈ ಅಗಲದ ಪ್ಲಾಸ್ಟಿಕ್ ಚೂರು! ಮುಚ್ಚಳಕ್ಕೆ ತುರುಕಿದ ಹಾಳಿಯಿಂದಲೇ ಹರಿದು ಬಿದ್ದದ್ದು. ಇಂಜಿನ್ ಜೋರಾಗಿ ಎಳೆದಾಗ ಆ ಚೂರು ಬಂದು ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ನಿಂತಾಗ ಎಳೆತ ಹೋಗಿ ಚೂರು ಕಳಚಿ ಬೀಳುತ್ತಿತ್ತು. ಅದಕ್ಕೇ ನಿಂತ ಮೇಲೆ ಗಾಡಿ ತಾನೇ ‘ಸುಧಾರಿಸಿಕೊಳ್ಳುತ್ತಿತ್ತು’. ಕಾಕಾ ಮೂರನೇ ದಿನ ಹೇಳಿದ್ದು ಅಕ್ಷರಶಃ ಖರೆ ಆಯಿತು.

ಒಟ್ಟು ಖರ್ಚು: ಒಂದು ಗಜ ಪೈಪು, ಎರಡು ಕ್ಲಿಪ್ಪು, ನಾಲ್ಕು ತಾಮ್ರದ ವಾಶರು.

ಆ ಪ್ಲಾಸ್ಟಿಕ್ ಅಲ್ಲಿಗೆ ಹೋದದ್ದು ಯಾಕೆ?

ಲಾರಿಯ ಕತೆ ಇಲ್ಲಿಗೆ ಮುಗಿಯಿತು. ನಮ್ಮ ಕತೆ ಇಲ್ಲಿಂದ ಶುರು.

ಡೀಸೆಲ್ ಟಾಕಿಗೆ ಪ್ಲಾಸ್ಟಿಕ್ ಯಾಕೆ ತುರುಕಿದಿರಿ ಎಂದು ಕೇಳಿದಾಗ ಮಗ ತಲೆ ಕೆರೆದ. ‘ಮುಚ್ಚಳದ ಕೀಲಿ ಮುರದಾರ್ರೀ. ಸಾಲಿನ್ಯಾಗ ನಿಂತಾಗ ರಾತ್ರಿ ಎಣ್ಣಿ ಕದ್ದಿದ್ರು. ಹೊಸಾ ಮುಚ್ಚಳ ತರೂತನಕ ನೀರು-ಮಣ್ಣು ಬೀಳಬಾರದಂತ ಹಾಳಿ ಸುತ್ತಿ ಬಿಗಿದಿದ್ದೆ’ ಅಂದ.

ಕಬ್ಬಿನ ಗಾಡಿಗಳು ಕಾರಖಾನೆಯ ಮುಂದೆ ಸಾಲು ಹಚ್ಚುವುದನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸಕ್ಕರೆ ಸೀಮೆ. ಹಂಗಾಮಿನಲ್ಲಿ ಲಾರಿ, ಟ್ರ್ಯಾಕ್ಟರು, ಡಬಲ್ ಟ್ರೇಲರು ಎಲ್ಲಾ ಒಂದೇ ಸಾಲು. ಡ್ರೈವರು ಸ್ಟೇರಿಂಗ್ ಮೇಲೆ ತಲೆ ಇಟ್ಟು ನಿದ್ದೆ ಹೋದಾಗ ಟಾಕಿಗೆ ಪೈಪು ಬಿಡುವವರು ಬರುತ್ತಾರೆ. ಇಪ್ಪತ್ತು ಲೀಟರ್ ಹೋದರೆ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಠಾಣೆಗೆ ಹೋದರೆ ಸಾಲಿನಲ್ಲಿ ಹಿಂದೆ ಬೀಳುತ್ತಾರೆ! ಹೀಗೆ ಕಳವು ಕಾಗದಕ್ಕೆ ಬರುವುದಿಲ್ಲ. ಕಾಗದಕ್ಕೆ ಬಾರದ ಕಳವು ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ.

ಸಾಲು ನಿಲ್ಲುವ ಜಾಗಕ್ಕೆ ನಾಲ್ಕು ದೀಪ, ಇಬ್ಬರು ಕಾವಲುಗಾರರು, ಸರಿಯಾದ ಟೋಕನ್ ಪದ್ಧತಿ. ಇಷ್ಟು ಇದ್ದಿದ್ದರೆ ಆ ಪ್ಲಾಸ್ಟಿಕ್ಕಿಗೆ ಕೆಲಸವೇ ಇರಲಿಲ್ಲ. ಐದು ದಿನದ ಲುಕ್ಸಾನಿನ ಬೇರು ಮಸಗುಪ್ಪಿಯ ಅಂಗಳದಲ್ಲಿ ಇಲ್ಲ, ಕತ್ತಲೆಯ ಸಾಲಿನಲ್ಲಿದೆ.

ಡೀಸೆಲ್ ಕದಿಯುವಷ್ಟು ತುಟ್ಟಿ ಆದದ್ದು ಹೇಗೆ?

2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಹಗ್ಗ ಬಿಟ್ಟಿತು. 2017ರ ಜೂನಿನಿಂದ ದಿನಕ್ಕೊಂದು ದರದ ಪದ್ಧತಿ ಬಂತು. ಇನ್ನು ನಮ್ಮ ರಾಜ್ಯ ಸರ್ಕಾರ. 2024ರ ಜೂನಿನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 14.34ರಿಂದ 18.44ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಅದನ್ನೇ 21.17ಕ್ಕೆ ಏರಿಸಿತು. ಮತ್ತೆ ಎರಡು ರೂಪಾಯಿ. ಬೆಂಗಳೂರಿನಲ್ಲಿ ಆಗ ದರ 91 ರೂಪಾಯಿ ದಾಟಿತು. ಅದೇ ತಿಂಗಳು ಲಾರಿ ಮಾಲಕರ ಸಂಘಟನೆಗಳು ರಾಜ್ಯದಲ್ಲಿ ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿದ್ದೀತು. ಬಸ್ ಪ್ರಯಾಣಿಕರಿಗಂತೂ 2025ರ ಜನವರಿ 5ರಿಂದಲೇ ಶೇಕಡಾ 15ರ ಬಿಸಿ ತಟ್ಟಿತ್ತು. ಟಿಕೀಟಿನ ದರ ಏರಿಸಿದವರು ಕೊಟ್ಟ ಕಾರಣಗಳಲ್ಲಿ ಡೀಸೆಲ್ ಖರ್ಚೂ ಒಂದು.

ಅತ್ತ ಕಬ್ಬು ಬೆಳೆದವನ ಪಾಡು? ನಮ್ಮ ಗುರ್ಲಾಪುರ ಕ್ರಾಸಿನಲ್ಲಿ 2025ರ ಅಕ್ಟೋಬರ್ ಕೊನೆಗೆ ರೈತರು ರಸ್ತೆ ಮೇಲೆ ಕುಂತರು. ಟನ್ನಿಗೆ 3500 ಕೊಡ್ರಿ ಅಂದರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಭೆ ಆಗಿ 3300 ಎಂದು ತೀರ್ಮಾನವಾಯಿತು. ಕಾರಖಾನೆಯವರದು 3250, ಸರ್ಕಾರದ್ದು 50, ಅದೂ ಇಳುವರಿ 11.25 ಬಂದರೆ. ಈ ಲೆಕ್ಕದಲ್ಲಿ ಕಟಾವು-ಸಾಗಾಟದ ಖರ್ಚು ಬೇರೆ. ಕೇಂದ್ರ ಸರ್ಕಾರ ಗೊತ್ತುಪಡಿಸುವ ದರದೊಳಗೆ ಮಾತ್ರ ಆ ಖರ್ಚು ಕೂಡಿಯೇ ಇರುತ್ತದೆ, ಕಡೇಕ ರೈತನ ಬಿಲ್ಲಿನಲ್ಲೇ ಮುರಿಯುತ್ತದೆ.

ಅಂದ ಮೇಲೆ ಡೀಸೆಲ್ ಏರಿದರೆ ಸಾಗಾಟ ಏರುತ್ತದೆ, ಸಾಗಾಟ ಏರಿದರೆ ರೈತನ ಕೈಗೆ ಬರುವುದು ಇಳಿಯುತ್ತದೆ. ರೈತನ ಕೈ ಸಣ್ಣದಾದರೆ ಮೂಡಲಗಿ ಪೇಟೆಯ ಅರಿವೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಸಣ್ಣದಾಗುತ್ತದೆ. ಅಂಗಡಿಕಾರರೇ, ಲಾರಿಯ ಟಾಕಿಗೂ ತಮ್ಮ ಗಲ್ಲಾಪೆಟ್ಟಿಗೆಗೂ ಒಂದು ಪೈಪು ಇದೆ. ಅದು ಪಾರದರ್ಶಕ ಅಲ್ಲ, ಅಷ್ಟೇ.

ಚಹಾದಂಗಡಿಯ ತೀರ್ಪು

ಲಾರಿ ನಿಂತ ಐದು ದಿನವೂ ಚಹಾದಂಗಡಿಯಲ್ಲಿ ಕೇಳಿದ್ದು ಒಂದೇ ಮಾತು: ‘ಎಥೆನಾಲ್ ಕಲಸಾಕತ್ತಾರಲ್ರೀ, ಅದಕ್ಕ ಎಲ್ಲಾ ಗಾಡಿ ಕೆಡಾಕತ್ತಾವು.’

ಎಥೆನಾಲ್ ಬೆರೆಸುವುದು ಪೆಟ್ರೋಲಿಗೆ. ಶೇಕಡಾ 20ರ ಮಟ್ಟ 2025ರಲ್ಲಿ ಮುಟ್ಟಿದ್ದು ಪೆಟ್ರೋಲಿನಲ್ಲಿ. ಪಂಪಿನಲ್ಲಿ ಮಾರುವ ಡೀಸೆಲ್ಲಿಗೆ ಅದನ್ನು ಬೆರೆಸುವುದಿಲ್ಲ. ನಮ್ಮ ಸೀಮೆಯ ಕಬ್ಬಿನಿಂದಲೇ ಎಥೆನಾಲ್ ಆಗುತ್ತದೆ, ಹಾಗೆಂದು ನಮ್ಮ ಲಾರಿ ಅದರಿಂದಲೇ ಕೆಟ್ಟಿತು ಅನ್ನುವುದು ತಾಳ ಇಲ್ಲದ ಭಜನೆ. ಡೀಸೆಲ್ಲಿಗೆ ಬೆರೆಸಲು ಅನುಮತಿ ಇರುವುದು ಬಯೋಡೀಸೆಲ್ಲಿಗೆ, ಅದಕ್ಕೂ ಮಿತಿ ಇದೆ. ಅದು ನೀರಿನ ಪಸೆ ಹೀರಿಕೊಳ್ಳುತ್ತದೆ, ಆದ್ದರಿಂದ ಫಿಲ್ಟರಿನ ಕೆಳಗಿನ ನೀರು ಬಿಡುವ ಕೆಲಸ ಮೊದಲಿಗಿಂತ ಈಗ ಹೆಚ್ಚು ಜರೂರು.

ನೀರಿನ ಭಯ ನಮ್ಮ ಭಾಗಕ್ಕೆ ಬೇರೆಯವರಿಗಿಂತ ಹೆಚ್ಚು. 2019ರ ಆಗಸ್ಟಿನಲ್ಲಿ ಘಟಪ್ರಭೆ ದಂಡೆ ದಾಟಿ ಬಂದಾಗ ಗೋಕಾಕದ ಲೋಳಸೂರ ಸೇತುವೆಯೇ ಮುಳುಗಿತ್ತು. ನೀರಿನಲ್ಲಿ ನಿಂತ ಗಾಡಿಯ ಟಾಕಿಗೆ ಮುಚ್ಚಳದ ರಂಧ್ರದಿಂದಲೇ ನೀರು ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ತಳಕ್ಕೆ ಕುಂತು ತುಕ್ಕು ಹಿಡಿಸುತ್ತದೆ, ನೀರು-ಎಣ್ಣೆ ಕೂಡುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ನೆರೆ ಇಳಿದು ತಿಂಗಳಾದ ಮೇಲೆ ಫಿಲ್ಟರ್ ಕಟ್ಟಿಕೊಂಡರೆ ಯಾರೂ ನದಿಯನ್ನು ನೆನೆಸುವುದಿಲ್ಲ, ಪಂಪಿನವರನ್ನು ಬಯ್ಯುತ್ತಾರೆ.

ಪಂಪಿನವರ ಮೇಲೆ ಸಂಶಯ ಬಂದರೆ ಬಯ್ಯುವ ಬದಲು ಕೇಳಿರಿ. ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿರಿ, ಡೆನ್ಸಿಟಿ ತೋರಿಸಿರಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ರಸೀದಿ ತಗೊಳ್ಳಿರಿ. ರಸೀದಿ ಇಲ್ಲದವನ ತಕರಾರಿಗೆ ಕಾಲಿಲ್ಲ.

ಪಕ್ಕದ ಮನೆಯ ಹೊಸ ಲಾರಿ

ಕಾಕಾನ ಲಾರಿ ಹಳೇದು, ಅದಕ್ಕೇ ಪಾನಾ-ಕ್ಯಾನಿನಿಂದ ಗುಣವಾಯಿತು. ಅದೇ ಓಣಿಯಲ್ಲಿ ಹೊಸ ಲಾರಿಯೂ ಒಂದಿದೆ. 2020ರ ಏಪ್ರಿಲ್ 1ರ ನಂತರ ಬಂದ ಬಿಎಸ್-6 ಗಾಡಿ. ಅದರ ಕತೆಯೇ ಬೇರೆ.

ಹೊಸ ಗಾಡಿಯಿಂದ ಲಾಭ ಇಲ್ಲ ಎಂದು ಹೇಳಿದರೆ ಅನ್ಯಾಯ ಆದೀತು. ಬಿಎಸ್-4 ಕಾಲದ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಗಂಧಕ ಇರಬಹುದಿತ್ತು, ಬಿಎಸ್-6ಕ್ಕೆ ಅದು 10ಕ್ಕೆ ಇಳಿಯಿತು. ಹೊಗೆ ಕಡಿಮೆ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಕೂಸು ಎತ್ತಿಕೊಂಡು ನಿಂತ ತಾಯಿಗೆ ಇದು ಸಣ್ಣ ಮಾತಲ್ಲ.

ಆದರೆ ಈ ಗಾಡಿಗಳಲ್ಲಿ ಎಣ್ಣೆ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಸಾವಿರಾರು ಪಟ್ಟು ಒತ್ತಡದಲ್ಲಿ ಕೂತಿರುತ್ತದೆ. ಲಾರಿ ಟಾಯರಿನ ಗಾಳಿಗಿಂತ ನೂರಾರು ಪಟ್ಟು ಹೆಚ್ಚು. ಯಾವಾಗ, ಎಷ್ಟು ಬಿಡಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಎಣ್ಣೆ ಬರುವುದು ಸ್ವಲ್ಪ ಕಡಿಮೆಯಾದರೆ ದೀಪ ಹತ್ತುತ್ತದೆ, ಗಾಡಿ ತಾನೇ ತನ್ನ ಬಲ ಇಳಿಸಿಕೊಳ್ಳುತ್ತದೆ. ದೀಪದ ಅರ್ಥ ಹೇಳುವ ಸ್ಕ್ಯಾನರ್ ಎಲ್ಲಾ ಮಿಸ್ತ್ರಿಗಳ ಹತ್ತಿರ ಇಲ್ಲ. ಇದ್ದರೂ ಕೆಲವು ಬೀಗಗಳ ಕೀಲಿ ಕಂಪನಿಯವರ ಹತ್ತಿರವೇ. ಅಂಗಳದಲ್ಲಿ ಪ್ಲಾಸ್ಟಿಕ್ ಚೂರಿಗೆ ನಿಂತ ಗಾಡಿಯನ್ನು ಎಳೆಸಿಕೊಂಡು ಬೆಳಗಾವಿ ಇಲ್ಲಾ ಹುಬ್ಬಳ್ಳಿಗೆ ಹೋಗಬೇಕಾದ ಕಾಲ ಬಂದಿದೆ.

ಹಳೇ ಗಾಡಿಯನ್ನೇ ಇಟ್ಟುಕೊಳ್ಳೋಣ ಅಂದರೆ ಅದಕ್ಕೂ ಬರೆ. 2021ರಲ್ಲಿ ಗುಜರಿ ನೀತಿ ಬಂತು. 2025ರ ನವೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ 20 ವರ್ಷ ದಾಟಿದ ಭಾರೀ ಲಾರಿಗಳ ಫಿಟ್ನೆಸ್ ಶುಲ್ಕವನ್ನು 25 ಸಾವಿರಕ್ಕೆ ಏರಿಸಿತು. ಹಳೇದನ್ನು ಇಟ್ಟುಕೊಂಡರೆ ಸರ್ಕಾರದ ಶುಲ್ಕ, ಹೊಸದನ್ನು ತಗೊಂಡರೆ ಫೈನಾನ್ಸಿನ ಕಂತು. ಒಂದು ಗಾಡಿಯ ಮಾಲಕ ಎತ್ತ ಹೋಗಬೇಕು?

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿ ಹಕ್ಕು’ ಎಂದು ಒಂದು ಸಮಿತಿ ಮಾಡಿತು. ಕೊಂಡವನಿಗೆ ತನ್ನ ಸಾಮಾನನ್ನು ತನಗೆ ಬೇಕಾದಲ್ಲಿ ರಿಪೇರಿ ಮಾಡಿಸುವ ಅನುಕೂಲ ಇರಬೇಕು, ಕಂಪನಿಗಳು ಮಾಹಿತಿ ಮತ್ತು ಬಿಡಿಭಾಗ ಕೊಡಬೇಕು ಎಂಬುದು ಅದರ ಆಶಯ. ಕೃಷಿ ಯಂತ್ರ, ವಾಹನಗಳೂ ಆ ಪಟ್ಟಿಯಲ್ಲಿವೆ. ಅದೇ ವರ್ಷ ಒಂದು ಪೋರ್ಟಲ್ಲೂ ಶುರುವಾಯಿತು. ಪೋರ್ಟಲ್ ದಿಲ್ಲಿಯಲ್ಲಿ ಶುರುವಾದರೆ ಮಸಗುಪ್ಪಿಯ ಮಿಸ್ತ್ರಿಗೆ ಸ್ಕ್ಯಾನರಿನ ಕೀಲಿ ಸಿಕ್ಕಂತೆ ಆಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಲಾರಿ-ಟ್ರ್ಯಾಕ್ಟರ್ ಇಟ್ಟವರು ಇಷ್ಟನ್ನು ಕತ್ತರಿಸಿ ಇಟ್ಟುಕೊಳ್ಳಲಿ.

ಗಾಡಿ ಹಳೇದಿರಲಿ ಹೊಸದಿರಲಿ, ಮೊದಲು ಟಾಕಿಯ ಮುಚ್ಚಳ ತೆಗೆದು ‘ಭುಸ್’ ಶಬ್ದ ಬರುತ್ತದೆಯೇ ಕೇಳಿರಿ. ಆಮೇಲೆ ಫಿಲ್ಟರಿನ ಕೆಳಗಿನ ನೀರು ಬಿಡಿರಿ. ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ತಾಸು ಇಟ್ಟರೆ ನೀರಿದ್ದರೆ ತಳದಲ್ಲಿ ಬೇರೆ ಕಾಣುತ್ತದೆ. ಆಮೇಲೆ ಫಿಲ್ಟರ್, ಆಮೇಲೆ ಪೈಪು, ಆಮೇಲೆ ಟಾಕಿಯೊಳಗಿನ ಕೊಳವೆ. ಪಂಪಿನ ಸರದಿ ಕಡೇಕ.

‘ಎಣ್ಣಿ ಸೋರವಲ್ದು, ಅಂದಮ್ಯಾಗ ಪೈಪು ಚಲೋ ಐತಿ’ ಅನ್ನಬೇಡಿರಿ. ಟಾಕಿಯಿಂದ ಫೀಡ್ ಪಂಪಿನವರೆಗೆ ಹಾದಿ ಎಳೆತದ ಹಾದಿ. ಅಲ್ಲಿ ತೂತು ಬಿದ್ದರೆ, ಇಂಜಿನ್ ನಡೆದಾಗ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣ, ಒಳಗೆ ಗುಳ್ಳೆ. ಪಾರದರ್ಶಕ ಪೈಪು ಹಚ್ಚಿದರೆ ಮಾತ್ರ ಕಳ್ಳತನ ಕಾಣುತ್ತದೆ.

ಬಿಚ್ಚಿದ ತಾಮ್ರದ ವಾಶರನ್ನು ಮತ್ತೆ ಹಾಕಬೇಡಿರಿ. ಹೊಸ ಗಾಡಿಯ ಫಿಲ್ಟರಿಗೆ ಹೊರಗಿನ ಕ್ಯಾನಿನಿಂದ ಎಣ್ಣೆ ಸುರುವಿ ಹಾಕಬೇಡಿರಿ. ಸೋಸದ ಎಣ್ಣೆ ನೇರ ಪಂಪಿಗೆ ಹೋಗಿ ಸಾವಿರದ ಕೆಲಸ ಲಕ್ಷಕ್ಕೆ ಏರುತ್ತದೆ. ಹೊಸ ಗಾಡಿಗೆ ಬೇರೆ ಡಬ್ಬಿಯಲ್ಲಿ ಹಾಕುವ ಯೂರಿಯಾ ನೀರನ್ನು ಕತ್ತಲೆಯಲ್ಲಿ ಡೀಸೆಲ್ ಟಾಕಿಗೆ ಸುರುವಿದರೆ ಇಂಜಿನ್ ಹಚ್ಚಲೇಬೇಡಿರಿ, ಟಾಕಿ ಖಾಲಿ ಮಾಡಿಸಿರಿ.

ಎಲ್ಲಕ್ಕಿಂತ ದೊಡ್ಡ ಮಾತು: ಹೊಸ ಗಾಡಿಯ ಉಕ್ಕಿನ ಪೈಪುಗಳಿಗೆ ಮನೆಯಲ್ಲಿ ಪಾನಾ ಹಚ್ಚಬೇಡಿರಿ. ಇಂಜಿನ್ ನಡೆದಾಗ ಎಲ್ಲಿ ಸೋರುತ್ತದೆ ಎಂದು ಕೈ ಆಡಿಸಿ ನೋಡಬೇಡಿರಿ. ಆ ಒತ್ತಡದ ಸಿಡಿತ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಡಿದಷ್ಟೇ ಗಾಯ, ಒಳಗೆ ಕೈಯೇ ಕೊಳೆಯುವಷ್ಟು ಅಪಾಯ. ಹಂಗಾದರೆ ಮನೆಮದ್ದು ಮಾಡದೆ ಆ ತಾಸಿಗೇ ದೊಡ್ಡ ದವಾಖಾನೆಗೆ ಹೋಗಬೇಕು.

ತೆಗೆದ ಹೊಲಸು ಎಣ್ಣೆಯನ್ನು ಹಳ್ಳಕ್ಕೆ, ಬಾವಿ ಕಡೆಗೆ ಚೆಲ್ಲಬೇಡಿರಿ. ಅದೇ ಹಳ್ಳ ಘಟಪ್ರಭೆಗೆ ಸೇರುತ್ತದೆ, ಅದೇ ನೀರು ನಮ್ಮ ಕೊಡಕ್ಕೆ ಬರುತ್ತದೆ.

ಕೇಳಬೇಕಾದವರು ಕೇಳಲಿ

ಬೇಡಿಕೆ ದೊಡ್ಡವಲ್ಲ. ಕಾರಖಾನೆಗಳ ಮುಂದೆ ಸಾಲು ನಿಲ್ಲುವ ಜಾಗಕ್ಕೆ ಬೆಳಕು, ಕಾವಲು ಬೇಕು. ಹಂಗಾಮಿನ ದಿನಗಳಲ್ಲಿ ಪೊಲೀಸರ ರಾತ್ರಿ ಗಸ್ತು ಅಲ್ಲಿಗೂ ಒಂದು ಸಲ ಬರಲಿ. ಐಟಿಐ ಕಲಿಯುವ ನಮ್ಮ ಹುಡುಗರಿಗೆ ಹಳೇ ಪಂಪಿನ ಜೊತೆ ಹೊಸ ಗಾಡಿಯ ಸ್ಕ್ಯಾನರೂ ಕೈಗೆ ಸಿಗಲಿ. ರಿಪೇರಿ ಹಕ್ಕು ಕಾಗದದಿಂದ ಇಳಿದು ತಾಲೂಕಿಗೆ ಬರಲಿ. ಗೋಕಾಕ ತಾಲೂಕು ಒಡೆದು ಮೂಡಲಗಿ ತಾಲೂಕು ಮಾಡಿಸಿಕೊಂಡವರು ನಾವು. ತಾಲೂಕು ಕಚೇರಿ ಹತ್ತಿರ ಬಂದರೆ ಸಾಲದು, ಕಸಬಿನ ಜ್ಞಾನವೂ ಹತ್ತಿರ ಬರಬೇಕು.

ಆರನೇ ದಿನ ಮುಂಜಾನೆ ಲಾರಿ ಹೊರಟಿತು. ಟಾಕಿಗೆ ಕೀಲಿ ಇರುವ ಹೊಸ ಮುಚ್ಚಳ ಬಂದಿತ್ತು. ಪ್ಲಾಸ್ಟಿಕ್ ಚೂರನ್ನು ಎಸೆಯಬೇಡ ಎಂದು ಕಾಕಾ ಮಗನಿಗೆ ಹೇಳಿ, ಕ್ಯಾಬಿನ್ನಿನಲ್ಲಿ ದೇವರ ಫೋಟೋದ ಪಕ್ಕ ಸಿಕ್ಕಿಸಿದ್ದರು.

‘ಅದ್ಯಾಕ್ರೀ ಕಾಕಾ?’ ಎಂದು ಕೇಳಿದೆ.

‘ನಾಳೆ ಯಾರರ ಬಂದು ನಾಲ್ವತ್ತು ಸಾವಿರ ಅಂದ್ರ, ಮೊದಲ ಇದನ್ನ ನೋಡು ಅಂತ ನನ್ನ ಮಗಗ ನೆನಪ ಆಗ್ಲಿ’ ಅಂದರು.

ಲಾರಿ ಸಾಲಿಗೆ ಹೋಗಿ ನಿಂತಿತು. ಸಾಲಿನಲ್ಲಿ ಅವತ್ತೂ ದೀಪ ಇರಲಿಲ್ಲ.